ಬಸಿರು ಹೊಟ್ಟೆಗೆ ನಿಂಬೆಹಣ್ಣು ಉಜ್ಜಿ ಬಿಸಿಲಿಗೆ ಕೂರಬೇಡಿ

ನನ್ನ ತವರು ಇಂಡಿ ತಾಲ್ಲೂಕು. ನಿಂಬೆ ತೋಟದಲ್ಲಿ ಆಡಿ ಬೆಳೆದವಳು ನಾನು. ಬೆಳಿಗ್ಗೆ ಎದ್ದರೆ ಅಂಗಳದಲ್ಲಿ ಹಣ್ಣಿನ ಚೀಲಗಳು, ಊಟಕ್ಕೆ ಕುಳಿತರೆ ತಟ್ಟೆಯ ಅಂಚಿನಲ್ಲಿ ನಿಂಬೆ ಉಪ್ಪಿನಕಾಯಿ. ಆ ಹಣ್ಣು ಮೈ ಸುಡುತ್ತದೆ ಎಂದು ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ. ಕಳೆದ ವರ್ಷ ಮಾರ್ಚ್‌ನಲ್ಲಿ, ಏಳು ತಿಂಗಳ ಬಸುರಿಯಾಗಿದ್ದಾಗ, ಅದು ನನ್ನ ಹೊಟ್ಟೆಯನ್ನೇ ಸುಟ್ಟಿತು. ಇನ್ನೊಬ್ಬಳಿಗೆ ಹಾಗಾಗಬಾರದು ಎಂದು ಇದನ್ನು ಬರೆಯುತ್ತಿದ್ದೇನೆ.

ಆರು ತಿಂಗಳು ತುಂಬುವ ಹೊತ್ತಿಗೆ ಹೊಕ್ಕುಳಿನ ಕೆಳಗೆ, ಸೊಂಟದ ಎರಡೂ ಬದಿಗೆ ನೇರಳೆ ಬಣ್ಣದ ಗೆರೆಗಳು, ಅಂದರೆ ಸ್ಟ್ರೆಚ್ ಮಾರ್ಕ್, ಮೂಡಿದ್ದವು. ಜೊತೆಗೆ ನವೆ. ‘ಕೆರೆದುಕೊಂಡಿದ್ದಕ್ಕೇ ಗೆರೆ ಬಿದ್ದಿವೆ’ ಎಂದರು ಒಬ್ಬರು. ‘ಈಗಲೇ ಏನಾದರೂ ಹಚ್ಚದಿದ್ದರೆ ಜನ್ಮವಿಡೀ ಉಳಿಯುತ್ತವೆ’ ಎಂದರು ಇನ್ನೊಬ್ಬರು. ಕುಬುಸಕ್ಕೆ, ಅಂದರೆ ಸೀಮಂತಕ್ಕೆ, ಹದಿನೈದು ದಿನ ಉಳಿದಿತ್ತು. ಸೀರೆಯ ಮಗ್ಗುಲಲ್ಲಿ ಗೆರೆಗಳು ಕಾಣುತ್ತವಲ್ಲ, ಫೋಟೊದಲ್ಲಿ ಬೀಳುತ್ತವಲ್ಲ ಎಂಬುದೇ ನನ್ನ ತಲೆಯಲ್ಲಿ. ಔಷಧಿ ಅಂಗಡಿಯ ಕ್ರೀಮು ಮಗುವಿಗೆ ಏನು ಮಾಡುತ್ತದೋ ಎಂಬ ಅಂಜಿಕೆಯಿಂದ ಮನೆಮದ್ದು ಹುಡುಕಿದೆ. ಮೊಬೈಲಿನಲ್ಲಿ ಸಿಕ್ಕ ಒಂದು ವಿಡಿಯೊದಲ್ಲಿ ಹೇಳಿದ್ದು ಇಷ್ಟು: ನಿಂಬೆಹಣ್ಣಿನ ಹೋಳನ್ನು ಸಕ್ಕರೆಯಲ್ಲಿ ಅದ್ದಿ ಗೆರೆಗಳ ಮೇಲೆ ಉಜ್ಜಿ, ಎಳೆಬಿಸಿಲಿನಲ್ಲಿ ಒಣಗಲು ಬಿಡಿ, ಏಳು ದಿನ ಮಾಡಿ. ಹಣ್ಣು ನಮ್ಮ ತೋಟದ್ದು, ಬಿಸಿಲು ದೇವರು ಕೊಟ್ಟದ್ದು; ಇದರಲ್ಲಿ ಕೆಡುಕೇನಿದೆ ಎಂದುಕೊಂಡೆ.

ಮೂರು ದಿನ ಮಾಡಿದೆ. ಬೆಳಿಗ್ಗೆ ಒಂಬತ್ತರ ಸುಮಾರಿಗೆ ಮಾಳಿಗೆಗೆ ಹೋಗಿ, ಸೆರಗು ಸರಿಸಿ, ಹೋಳನ್ನು ಗಸಗಸ ಉಜ್ಜಿಕೊಂಡು ಗಂಟೆಗಟ್ಟಲೆ ಕೂರುತ್ತಿದ್ದೆ. ಸಕ್ಕರೆ ತರಚಿದಲ್ಲೆಲ್ಲ ಚುರುಚುರು ಎನ್ನುತ್ತಿತ್ತು. ಚುರುಗುಟ್ಟಿದರೆ ಮದ್ದು ನಾಟುತ್ತಿದೆ ಎಂದೇ ನಮ್ಮಲ್ಲಿ ಹೇಳುವುದಲ್ಲವೇ, ನಾನೂ ಹಾಗೆಯೇ ತಿಳಿದೆ. ಎರಡನೆಯ ದಿನ ಅಕ್ಕನ ಎರಡು ವರ್ಷದ ಮಗಳು ಮಾಳಿಗೆಯ ಅಂಚಿಗೆ ಓಡಿತು. ಎದ್ದು ಅದರ ತೋಳು ಹಿಡಿದು ಎಳೆದುಕೊಂಡೆ. ಕೈಯಲ್ಲಿ ನಿಂಬೆರಸ ಇನ್ನೂ ಹಸಿಯಾಗಿಯೇ ಇತ್ತು.

ಮೂರನೆಯ ದಿನ ಸಂಜೆಗೆ ಹೊಟ್ಟೆ ಕೆಂಪಾಯಿತು. ಸೆಖೆಗೆ ಇರಬೇಕು ಎಂದು ಸುಮ್ಮನಾದೆ. ಮರುದಿನ ಬೆಳಗಿನ ಜಾವ ಉರಿಗೆ ಎಚ್ಚರವಾಯಿತು. ದೀಪ ಹಾಕಿ ನೋಡಿದರೆ ಹೊಟ್ಟೆಯ ಎಡಗಡೆ ನೀರು ತುಂಬಿದ ಗುಳ್ಳೆಗಳು, ಕೆಲವು ಅವರೆಕಾಳಿನಷ್ಟು, ಒಂದೆರಡು ಹುಣಸೆ ಬೀಜದಷ್ಟು. ಅಲ್ಲಿಂದ ಸೊಂಟದವರೆಗೆ ಯಾರೋ ಕಾದ ಎಣ್ಣೆ ಸುರಿದಂತೆ ಕೆಂಪು ಪಟ್ಟೆಗಳು. ರಸ ಹರಿದು ಇಳಿದ ದಾರಿ ಅದು ಎಂದು ಆಗ ತಿಳಿಯಲಿಲ್ಲ. ಲಂಗದ ದಾರ ತಾಗಿದರೂ ಜೀವ ಹೋದಂತಾಗುತ್ತಿತ್ತು. ಮನೆಯ ಹಿರಿಯರು ನೋಡಿ, ‘ಇದು ಸರ್ಪಸುತ್ತು, ಕೆಮ್ಮಣ್ಣು ಹಚ್ಚಿಸೋಣ’ ಎಂದರು. ನನಗೆ ಹೊಟ್ಟೆಯೊಳಗಿನ ಜೀವದ್ದೇ ಚಿಂತೆ. ಕೂಸು ಒದೆಯುತ್ತಿದೆಯೇ ಎಂದು ನಿಮಿಷ ನಿಮಿಷಕ್ಕೂ ಕಾಯುತ್ತ, ಗುಳ್ಳೆಗಳಿಗೆ ತಾಗದಂತೆ ಕೈ ಎಲ್ಲಿ ಇಡುವುದು ಎಂದು ತಿಳಿಯದೆ ಅತ್ತಿದ್ದೇನೆ.

ಹೆರಿಗೆ ವೈದ್ಯರು ಮಗುವಿನ ಎದೆಬಡಿತ ಕೇಳಿಸಿ ಧೈರ್ಯ ಹೇಳಿ, ವಿಜಯಪುರದ ಚರ್ಮ ವೈದ್ಯರ ಬಳಿಗೆ ಕಳುಹಿಸಿದರು. ಏನು ಹಚ್ಚಿದಿರಿ ಎಂದು ಅವರು ಕೇಳಿದಾಗ ‘ಏನೂ ಇಲ್ಲ’ ಎಂದೆ. ನಾಚಿಕೆ. ಜೊತೆಗೆ ಬಂದಿದ್ದ ಅಕ್ಕನ ಕಂಕುಳಲ್ಲಿ ಕೂಸಿತ್ತು. ಅದರ ತೋಳಿನ ಮೇಲೆ ಕಂದು ಬಣ್ಣದ ನಾಲ್ಕು ಪಟ್ಟೆಗಳು, ಯಾರೋ ಬಿಗಿಯಾಗಿ ಹಿಡಿದ ಬೆರಳ ಗುರುತಿನಂತೆ. ವೈದ್ಯರು ಅದನ್ನು ನೋಡಿದರು, ನನ್ನ ಹೊಟ್ಟೆ ನೋಡಿದರು, ‘ನಿಂಬೆಹಣ್ಣು ಮುಟ್ಟಿದ್ದಿರಾ?’ ಎಂದು ಕೇಳಿದರು. ನನ್ನ ಬಲಗೈ ಬೆರಳುಗಳನ್ನು ಆ ಗುರುತಿನ ಮೇಲೆ ಇಟ್ಟು ನೋಡಿದೆ. ಸರಿಯಾಗಿ ಕೂತವು. ನನ್ನ ಹೊಟ್ಟೆಯ ನೋವನ್ನು ಮರೆತೇನು, ಆ ಎಳೆ ತೋಳನ್ನು ಮರೆಯಲಾರೆ.

ಅವರು ಬಿಡಿಸಿ ಹೇಳಿದ್ದನ್ನು ಹೇಳುತ್ತೇನೆ. ನಿಂಬೆಯಲ್ಲಿ, ರಸಕ್ಕಿಂತ ಹೆಚ್ಚಾಗಿ ಸಿಪ್ಪೆಯಲ್ಲಿ, ಫ್ಯೂರಾನೋಕೂಮರಿನ್ ಎಂಬ ವಸ್ತುಗಳಿವೆ. ನೆರಳಿನಲ್ಲಿ ಅವು ತಣ್ಣಗಿರುತ್ತವೆ. ಚರ್ಮಕ್ಕೆ ಅಂಟಿ ಬಿಸಿಲಿನ ಅತಿನೇರಳೆ ಕಿರಣ ತಾಗಿದರೆ ಚರ್ಮದ ಕೋಶಗಳನ್ನೇ ಸುಡುತ್ತವೆ. ಎಳೆಬಿಸಿಲಿನಲ್ಲಿಯೂ ಆ ಕಿರಣ ಇರುತ್ತದೆ, ಕಿಟಕಿಯ ಗಾಜನ್ನೂ ದಾಟಿ ಬರುತ್ತದೆ. ಮೋಸ ಎಲ್ಲಿದೆ ಎಂದರೆ, ಉರಿ ಕೂಡಲೇ ಏಳುವುದಿಲ್ಲ. ಸುಮಾರು ಒಂದು ದಿನ ಕಳೆದ ಮೇಲೆ ಶುರುವಾಗಿ 48ರಿಂದ 72 ಗಂಟೆಗಳಲ್ಲಿ ಜೋರಾಗುತ್ತದೆ. ಅಷ್ಟರಲ್ಲಿ ನಾನು ಮತ್ತೆರಡು ಸಲ ಹಚ್ಚಿಕೊಂಡಾಗಿತ್ತು. ಬಾವಂಚಿ ಬೀಜದಲ್ಲಿರುವುದೂ ಇದೇ ಕುಲದ ವಸ್ತು. ತೊನ್ನಿಗೆ ಅದನ್ನು ಹಚ್ಚಿ ಬಿಸಿಲಿಗೆ ಒಡ್ಡುವುದು ಹಳೆಯ ಕಾಲದಿಂದ ಇದೆ, ಆದರೆ ಅದು ವೈದ್ಯರ ಕಣ್ಣೆದುರು, ಅಳತೆಯಲ್ಲಿ ಆಗಬೇಕಾದ ಕೆಲಸ. ಈ ಬೀಜದಿಂದ ತೆಗೆದು ಕ್ರೀಮುಗಳಿಗೆ ಹಾಕುವ ಬಕುಚಿಯೋಲ್ ಎಂಬ ವಸ್ತುವಿದೆ. ಈಗ ‘ಬಕುಚಿಯೋಲ್ ಬಸುರಿಯರಿಗೆ ಒಳ್ಳೆಯದು’ ಎಂಬ ಮಾತು ಕೇಳಿ ಬಾವಂಚಿ ಪುಡಿಯನ್ನೇ ಎಣ್ಣೆಗೆ ಕಲಸಿ ಹಚ್ಚುವವರಿದ್ದಾರೆ. ಶುದ್ಧೀಕರಿಸಿ ತೆಗೆದ ಬಕುಚಿಯೋಲ್ ಬೇರೆ, ಬೀಜದ ಪುಡಿ ಬೇರೆ. ದಯವಿಟ್ಟು ಆ ಪುಡಿಯನ್ನು ಮುಟ್ಟಬೇಡಿ.

ಇಷ್ಟೆಲ್ಲ ಮಾಡಿ ಗೆರೆಗಳಾದರೂ ಹೋದವೇ? ಹೋಗುವುದು ಸಾಧ್ಯವೇ ಇರಲಿಲ್ಲ. ಸ್ಟ್ರೆಚ್ ಮಾರ್ಕ್ ಮೇಲ್ಚರ್ಮದ ಕೊಳೆಯಲ್ಲ, ಉಜ್ಜಿ ತೆಗೆಯಲು. ಒಳಪದರದಲ್ಲಿ ಚರ್ಮವನ್ನು ಬಿಗಿಯಾಗಿ ಹಿಡಿದಿಡುವ ಕೊಲಾಜನ್ ಎಳೆಗಳು ಹರಿದ ಗುರುತು ಅದು. ಹೊಟ್ಟೆ ಹಿಗ್ಗುವುದು, ಹಾರ್ಮೋನು, ತಾಯಿಯಿಂದ ಬಂದ ಚರ್ಮದ ಗುಣ ಇವೆಲ್ಲ ಸೇರಿ ಆಗುವುದು, ಕೆರೆದುಕೊಂಡದ್ದಕ್ಕಲ್ಲ. ಹಚ್ಚುವ ಎಣ್ಣೆ, ಬೆಣ್ಣೆ, ಕ್ರೀಮುಗಳ ಮೇಲೆ ನಡೆದ ಪ್ರಯೋಗಗಳನ್ನು 2012ರಲ್ಲಿ ಕಾಕ್ರೇನ್ ಸಂಸ್ಥೆ ಒಟ್ಟುಗೂಡಿಸಿ ನೋಡಿದಾಗ, ಗೆರೆ ಬರದಂತೆ ತಡೆಯುತ್ತದೆ ಎನ್ನಲು ಯಾವುದಕ್ಕೂ ಗಟ್ಟಿ ಆಧಾರ ಸಿಗಲಿಲ್ಲ. ಆಲಿವ್ ಎಣ್ಣೆ, ಕೋಕೋ ಬೆಣ್ಣೆಯೂ ಅದರಲ್ಲಿ ಸೇರಿದ್ದವು.

ಹಾಗಾದರೆ ಏನನ್ನೂ ಹಚ್ಚಬಾರದೇ? ಹಚ್ಚಬಹುದು, ನವೆಗೆ ಮತ್ತು ಒಣಗಿದ ಚರ್ಮಕ್ಕೆ. ನಾನು ಗುಳ್ಳೆಗಳೆಲ್ಲ ಮಾಗಿದ ಮೇಲೆ ಸ್ನಾನದ ಒದ್ದೆ ಆರುವ ಮುನ್ನ ಶುದ್ಧ ಕೊಬ್ಬರಿ ಎಣ್ಣೆ ಸವರುತ್ತಿದ್ದೆ, ಅಷ್ಟೇ. ಅದಕ್ಕೂ ಮೊದಲು ಮುಂಗೈಯ ಒಳಭಾಗಕ್ಕೆ ಒಂದು ಹನಿ ಹಚ್ಚಿ ಎರಡು ದಿನ ಕಾದಿದ್ದೆ. ಎಣ್ಣೆಗೆ ಕರ್ಪೂರ ಹಾಕುವ ರೂಢಿ ನಮ್ಮಲ್ಲಿದೆ, ಬಸುರಿಯರಿಗೆ ಅದು ಬೇಡ. ಕರ್ಪೂರ ಚರ್ಮದ ಮೂಲಕ ಒಳಸೇರುತ್ತದೆ. ಲೋಳೆಸರ ಹಚ್ಚುವುದಾದರೆ ಕತ್ತರಿಸಿದಾಗ ಸೋರುವ ಹಳದಿ ರಸವನ್ನು ಪೂರ್ತಿ ತೊಳೆದು ತೆಗೆಯಿರಿ, ಅದು ಚರ್ಮವನ್ನು ಕೆರಳಿಸುತ್ತದೆ. ಅಡುಗೆ ಸೋಡಾ ಬೇಡವೇ ಬೇಡ. ಬ್ಯೂಟಿ ಪಾರ್ಲರಿನವರು ಟ್ಯೂಬಿನ ಕ್ರೀಮನ್ನು ಎಣ್ಣೆಯಲ್ಲಿ ಕಲಸಿ ‘ಮನೆಯಲ್ಲೇ ಮಾಡಿದ್ದು’ ಎಂದು ಡಬ್ಬಿಯಲ್ಲಿ ಕೊಡುತ್ತಾರಲ್ಲ, ಅದನ್ನಂತೂ ತೆಗೆದುಕೊಳ್ಳಬೇಡಿ. ಆ ಟ್ಯೂಬುಗಳಲ್ಲಿ ಸ್ಟೀರಾಯ್ಡ್ ಇರಬಹುದು, ಬಸಿರಿನಲ್ಲಿ ಬಳಸಬಾರದ ಟ್ರೆಟಿನಾಯಿನ್ ಇರಬಹುದು. ಸ್ಟೀರಾಯ್ಡ್ ಕ್ರೀಮನ್ನು ಹೆಚ್ಚು ದಿನ ಹಚ್ಚಿದರೆ ಅದರಿಂದಲೇ ಇಂಥ ಗೆರೆಗಳು ಬೀಳುತ್ತವೆ.

ಇನ್ನೊಂದು ವಿಷಯ, ಇದು ನನ್ನ ಸುಟ್ಟಗಾಯಕ್ಕಿಂತ ದೊಡ್ಡದು. ಗುಳ್ಳೆಯಿಲ್ಲದೆ, ದದ್ದಿಲ್ಲದೆ ಅಂಗೈ ಅಂಗಾಲಿನಲ್ಲಿ ನವೆ, ಅದೂ ರಾತ್ರಿ ಹೊತ್ತು ತಡೆಯಲಾರದ ನವೆ ಬಂದರೆ ಎಣ್ಣೆ ಹಚ್ಚಿಕೊಂಡು ಕೂರಬೇಡಿ. ಬಸಿರಿನಲ್ಲಿ ಯಕೃತ್ತಿನ ತೊಂದರೆಯಿಂದ ಪಿತ್ತದ ಆಮ್ಲ ರಕ್ತದಲ್ಲಿ ಏರಿದರೆ ಹಾಗಾಗುತ್ತದೆ, ಮಗುವಿಗೂ ಅಪಾಯವಿದೆ. ಅಂದೇ ವೈದ್ಯರಿಗೆ ಹೇಳಿ, ರಕ್ತಪರೀಕ್ಷೆ ಮಾಡಿಸಿಕೊಳ್ಳಿ.

ನನ್ನ ಗುಳ್ಳೆಗಳು ಎರಡು ವಾರದಲ್ಲಿ ಒಣಗಿದವು. ಕುಬುಸದ ದಿನ ಹೊಟ್ಟೆಗೆ ಮೆತ್ತನೆಯ ಹಳೆಯ ಪಂಚೆ ಸುತ್ತಿಕೊಂಡು ಕುಳಿತಿದ್ದೆ. ಕಂದು ಕಲೆ ಹೆರಿಗೆಯಾಗಿ ನಾಲ್ಕು ತಿಂಗಳಾದರೂ ಇತ್ತು. ನೇರಳೆ ಗೆರೆಗಳೇ ಅದಕ್ಕಿಂತ ಮೊದಲು ತಾವಾಗಿ ಮಾಸಿ ಬೆಳ್ಳಗಾಗತೊಡಗಿದ್ದವು.

ಇಂದೇ ಯಾರಾದರೂ ಹಚ್ಚಿಕೊಂಡಿದ್ದರೆ ಕೂಡಲೇ ಸೋಪು ಹಾಕಿ ತೊಳೆಯಿರಿ, ಕೈಯನ್ನೂ, ಉಗುರಿನ ಸಂದನ್ನೂ. ಎರಡು ಮೂರು ದಿನ ಆ ಜಾಗಕ್ಕೆ ಬಿಸಿಲು ಸೋಕಿಸಬೇಡಿ. ಗುಳ್ಳೆ ಎದ್ದರೆ ಒಡೆಯಬೇಡಿ, ತಣ್ಣೀರಿನ ಬಟ್ಟೆ ಇಡಿ, ನೋವಿನ ಮಾತ್ರೆಯನ್ನು ಕೇಳದೆ ನುಂಗಬೇಡಿ. ವೈದ್ಯರ ಬಳಿ ಹೋದಾಗ ಏನು ಹಚ್ಚಿದಿರಿ, ಎಷ್ಟು ದಿನ, ಯಾವ ಬಿಸಿಲಿನಲ್ಲಿ ಕುಳಿತಿರಿ ಎಂದು ಮೊದಲೇ ಹೇಳಿಬಿಡಿ. ಮನೆಯ ಮಕ್ಕಳನ್ನು ಮುಟ್ಟಿದ್ದರೆ ಅದನ್ನೂ ಹೇಳಿ.