ಒಂಬತ್ತು ವರ್ಷ ಕೇಳಿದ ಮೇಲೆ ಕ್ರಾಸ್‌ಫೇಯ್ತ್‌ನ ‘ಝೀನೋ’

ಜಪಾನಿನ ಒಸಾಕಾದ ಕ್ರಾಸ್‌ಫೇಯ್ತ್ ಎಂಬ ಮೆಟಲ್ ಸಂಗೀತ ತಂಡದ ‘ಝೀನೋ’ ಆಲ್ಬಂ 2015ರ ಸೆಪ್ಟೆಂಬರ್‌ನಲ್ಲಿ ಬಿಡುಗಡೆಯಾಯಿತು. ಅದರ ಸಿ.ಡಿ. ನನ್ನ ಕೈಸೇರಿದ್ದು ಮರುವರ್ಷ. ಒಂಬತ್ತು ವರ್ಷಗಳಿಂದ ಅದನ್ನು ಬಸ್ಸಿನಲ್ಲಿ ಇಯರ್‌ಫೋನ್ ಹಾಕಿಕೊಂಡು, ಮನೆಯಲ್ಲಿ ಸ್ಪೀಕರ್‌ನಲ್ಲಿ, ಎಲ್ಲರೂ ಮಲಗಿದ ಮೇಲೆ ದೊಡ್ಡ ಹೆಡ್‌ಫೋನ್‌ನಲ್ಲಿ ಕೇಳುತ್ತ ಬಂದಿದ್ದೇನೆ. ಮೊದಲ ತಿಂಗಳಲ್ಲೇ ಬರೆದಿದ್ದರೆ ಅದರ ಅಬ್ಬರವನ್ನಷ್ಟೇ ಹೊಗಳುತ್ತಿದ್ದೆ. ಈಗ ನನ್ನನ್ನು ಮತ್ತೆ ಮತ್ತೆ ಅದರತ್ತ ಕರೆಯುವುದು ತಂಡದ ತೆರುಫುಮಿ ತಮಾನೊ ಅವರ ಕೀಬೋರ್ಡ್ ಮತ್ತು ಪ್ರೋಗ್ರಾಮಿಂಗ್, ಅಂದರೆ ಕಂಪ್ಯೂಟರ್‌ನಲ್ಲಿ ಕಟ್ಟಿದ ಧ್ವನಿಗಳು.

ಹೆವಿ ಮೆಟಲ್ ಮತ್ತು ಹಾರ್ಡ್‌ಕೋರ್ ಪಂಕ್ ಬೆರೆತ ಮೆಟಲ್‌ಕೋರ್‌ ಸಂಗೀತಕ್ಕೆ ಎಲೆಕ್ಟ್ರಾನಿಕ್ ಧ್ವನಿಯನ್ನು ಬೆರೆಸಿದ ತಂಡಗಳಿಗೇನೂ ಕೊರತೆಯಿಲ್ಲ. ಆದರೆ ಹಲವು ತಂಡಗಳಲ್ಲಿ ಸಿಂಥ್ (ಎಲೆಕ್ಟ್ರಾನಿಕ್ ಧ್ವನಿ ಹುಟ್ಟಿಸುವ ವಾದ್ಯ) ಎಂಬುದು ಸಾರಿನ ಮೇಲೆ ಉದುರಿಸಿದ ಕೊತ್ತಂಬರಿ ಸೊಪ್ಪಿನಂತಿರುತ್ತದೆ. ಅದನ್ನು ತೆಗೆದಿಟ್ಟರೂ ಸಾರು ಸಾರೇ. ‘ಝೀನೋ’ದಲ್ಲಿ ಅದು ಬೇಳೆಯ ಜೊತೆಗೇ ಬೆಂದಿದೆ. ‘ಸಿಸ್ಟಮ್ ಎಕ್ಸ್’ ಎಂಬ ಪೀಠಿಕೆಯ ಬೆನ್ನಿಗೇ ಬರುವ ಶೀರ್ಷಿಕೆ ಗೀತೆಯನ್ನು ಒಮ್ಮೆ ತೀರ ಸಣ್ಣ ದನಿಯಲ್ಲಿಟ್ಟು ಕೇಳಿದೆ. ಗಿಟಾರ್‌ನ ಗೋಡೆ ಸ್ವಲ್ಪ ಹಿಂದೆ ಸರಿದಂತಾಗಿ, ತತ್ಸುಯಾ ಅಮಾನೊ ಅವರ ಡ್ರಮ್ಸ್ ಮತ್ತು ಸಿಂಥ್ ಎರಡೂ ಒಂದೇ ವಾದ್ಯವೆಂಬಂತೆ ಕೇಳಿಸಿದವು. ಆ ರಾತ್ರಿ ಅದೇ ಹಾಡನ್ನು ನಾಲ್ಕು ಸಲ ಕೇಳಿದ್ದು ಚೆನ್ನಾಗಿ ನೆನಪಿದೆ.

ಅತಿಥಿ ಗಾಯಕರ ಆಯ್ಕೆಯೂ ಬಹಳ ವಿವೇಕದ್ದು. ‘ಗೋಸ್ಟ್ ಇನ್ ದ ಮಿರರ್’ನಲ್ಲಿ ದನಿಗೂಡಿಸಿರುವ ಬೇರ್‌ಟೂತ್ ತಂಡದ ಕೇಲಬ್ ಶೋಮೊ, ಹಿಂದೆ ಅಟ್ಯಾಕ್ ಅಟ್ಯಾಕ್ ಎಂಬ ಅಮೆರಿಕದ ತಂಡದಲ್ಲಿ ಕೀಬೋರ್ಡ್ ನುಡಿಸುತ್ತಿದ್ದವರು, ಇದೇ ಬಗೆಯ ಬೆರಕೆಯನ್ನು ಒಳಗಿನಿಂದ ಬಲ್ಲವರು. ‘ವೈಲ್ಡ್‌ಫೈರ್’ನಲ್ಲಿ ವೇಲ್ಸ್‌ನ ಸ್ಕಿಂಡ್ರೆಡ್ ತಂಡದ ಬೆಂಜಿ ವೆಬ್ ಅವರ ಜಮೈಕಾದ ರೆಗ್ಗೆ ಸಂಗೀತ ಮೂಲದ ಓಟದ ದನಿ ಕ್ರಾಸ್‌ಫೇಯ್ತ್‌ನ ಗಾಯಕ ಕೆಂಟಾ ಕೊಯಿಯೆ ಅವರ ಚೀರುದನಿಯ ಪಕ್ಕದಲ್ಲಿ ನಿಂತಾಗ, ಎರಡೂ ತಮ್ಮ ತಮ್ಮ ಗುಣವನ್ನು ಉಳಿಸಿಕೊಳ್ಳುತ್ತವೆ. ಇಡೀ ಆಲ್ಬಂನಲ್ಲಿ ನಾನು ಅತಿ ಹೆಚ್ಚು ಕೇಳಿರುವ ಹಾಡು ಇದೇ.

ಕೊರತೆಗಳೂ ಇವೆ. ನಿರ್ಮಾಪಕ ಜಾಶ್ ವಿಲ್ಬರ್ ಕೈಯಲ್ಲಿ ಗಿಟಾರ್‌ಗೆ ಒಳ್ಳೆಯ ತೂಕ ಬಂದಿದೆಯಾದರೂ, ಒಟ್ಟು ಧ್ವನಿ ಎಷ್ಟು ಒತ್ತೊತ್ತಾಗಿದೆಯೆಂದರೆ ಅಗ್ಗದ ಇಯರ್‌ಫೋನ್‌ನಲ್ಲಿ ಹಿರೋಕಿ ಇಕೆಗಾವಾ ಅವರ ಬೇಸ್ ಗಿಟಾರ್ ಹೆಚ್ಚುಕಡಿಮೆ ಕಾಣೆಯಾಗುತ್ತದೆ, ಸಿಂಥ್‌ನ ಸೂಕ್ಷ್ಮ ಪದರಗಳು ಕಲಸಿಹೋಗುತ್ತವೆ. ಹನ್ನೆರಡು ಟ್ರ್ಯಾಕ್‌ಗಳನ್ನು ಒಂದೇ ಉಸಿರಿಗೆ ಕೇಳಿದರೆ ಕೊನೆಯ ಹೊತ್ತಿಗೆ ಕಿವಿ ದಣಿಯುತ್ತದೆ. ‘ಟಿಯರ್ಸ್ ಫಾಲ್’ ನನಗೆ ಮೊದಮೊದಲು ಸಪ್ಪೆಯೆನಿಸಿತ್ತು. ಅಷ್ಟು ಗದ್ದಲದ ನಡುವೆ ಅದರ ರಾಗ ಕೊಡುವ ಬಿಡುವು ಎಷ್ಟು ಅಗತ್ಯವೆಂಬುದು ಅರ್ಥವಾಗಲು ಎರಡು ವರ್ಷಗಳೇ ಬೇಕಾದವು.

ಹೊಸದಾಗಿ ಕೇಳುವವರು ‘ಡೆವಿಲ್ಸ್ ಪಾರ್ಟಿ’ಯಿಂದ ತೊಡಗಿ, ಅದು ಹಿಡಿಸಿದರೆ ಮೊದಲ ಟ್ರ್ಯಾಕ್‌ಗೆ ಮರಳಲಿ. ಸಾಹಿತ್ಯ ಬಹುಪಾಲು ಇಂಗ್ಲಿಷಿನಲ್ಲಿರುವುದರಿಂದ ಜಪಾನಿ ಭಾಷೆ ಬಾರದೆಂದು ಹಿಂಜರಿಯಬೇಕಿಲ್ಲ. ಸಾಧ್ಯವಾದರೆ ಒಳ್ಳೆಯ ಹೆಡ್‌ಫೋನ್ ಒಂದನ್ನು ಎರವಲು ತಂದಾದರೂ ಕೇಳಲಿ.