ಅಂಚೆ ಕಚೇರಿ ಆರ್‌ಡಿ: ಅಡಿಕೆ ಮನೆಯ ಮಕ್ಕಳಿಗೆ ಸರಿಹೊಂದುವ ಖಾತೆ

ನಮ್ಮದು ಶಿರಸಿ ಹತ್ತಿರದ ಅಡಿಕೆ ತೋಟದ ಮನೆ. ದುಡ್ಡು ತಿಂಗಳು ತಿಂಗಳು ಬರುವುದಿಲ್ಲ. ಕೊಯ್ಲು ಮುಗಿದು, ಒಣಗಿಸಿ, ಸುಲಿದು, ಚಾಲಿ ಮಾರಿದ ಮೇಲೆ ಒಮ್ಮೆಲೇ ಬರುತ್ತದೆ. ಆಗ ಎಲ್ಲರ ಕೈಯೂ ಸಡಿಲ. ಮಳೆಗಾಲ ಬಂತೆಂದರೆ ಸೊಸೈಟಿ ಸಾಲದ ಮಾತು. ಮಕ್ಕಳು ಎರಡನ್ನೂ ನೋಡುತ್ತಾರೆ, ನಡುವಿನ ಲೆಕ್ಕ ಮಾತ್ರ ಅವರಿಗೆ ಕಾಣುವುದಿಲ್ಲ. ಅದಕ್ಕೇ ಒಂಬತ್ತನೇ ಕ್ಲಾಸಿನ ಮಗಳಿಗೆ ಅಂಚೆ ಕಚೇರಿಯ ಆರ್‌ಡಿ ಮಾಡಿಸಿದೆ, ಅಂದರೆ ತಿಂಗಳಿಗಿಷ್ಟು ಅಂತ ಕಂತು ಕಟ್ಟುವ ರಿಕರಿಂಗ್ ಡಿಪಾಸಿಟ್ ಖಾತೆ.

ಹತ್ತು ವರ್ಷ ದಾಟಿದ ಮಕ್ಕಳು ತಮ್ಮ ಹೆಸರಿನಲ್ಲೇ ಖಾತೆ ತೆರೆಯಬಹುದು. ಕಂತು ತಿಂಗಳಿಗೆ ಕನಿಷ್ಠ 100 ರೂಪಾಯಿ, ಅವಧಿ 5 ವರ್ಷ. ನಾವು ತೆರೆದಾಗ ಬಡ್ಡಿ 6.7%. ಅಂದರೆ ಕಟ್ಟುವ 6,000 ರೂಪಾಯಿ ಕೊನೆಗೆ ಸುಮಾರು 7,137 ಆಗುತ್ತದೆ.

ನನಗೆ ತುಂಬಾ ಹಿಡಿಸಿದ್ದು ಮುಂಗಡ ಕಂತಿನ ನಿಯಮ. ಆರು ತಿಂಗಳ ಕಂತು ಒಟ್ಟಿಗೆ ಕಟ್ಟಿದರೆ ನೂರರ ಕಂತಿಗೆ 10 ರೂಪಾಯಿ ರಿಯಾಯಿತಿ, ಹನ್ನೆರಡು ತಿಂಗಳದ್ದಾದರೆ 40. ಮಗಳಿಗೆ ಉದುರಡಿಕೆ ಹೆಕ್ಕಿದ ದುಡ್ಡು, ಹಬ್ಬಕ್ಕೆ ಅಜ್ಜ ಕೊಟ್ಟಿದ್ದು ಎಲ್ಲ ಸೇರಿ ಸುಗ್ಗಿಯಲ್ಲೇ ಕೈಗೆ ಬರುವುದು. 1,160 ಕಟ್ಟಿದರೆ ಇಡೀ ವರ್ಷದ ಕಂತು ಮುಗಿಯಿತು. ಬಂದಾಗಲೇ ಎತ್ತಿಡಬೇಕು ಅನ್ನುವುದನ್ನು ನಾನು ಬಾಯಲ್ಲಿ ಹೇಳಿದ್ದಕ್ಕಿಂತ ಆ ರಸೀದಿ ಚೆನ್ನಾಗಿ ಹೇಳಿತು. ಉಳಿದ ದುಡ್ಡನ್ನು ಮಾರಿಕಾಂಬಾ ಜಾತ್ರೆಗೆ, ಬಟ್ಟೆಗೆ ಅಂತ ಅವಳೇ ಬೇರೆ ಬೇರೆ ಬರೆದಿಟ್ಟಳು. ಜಾತ್ರೆ ಎರಡು ವರ್ಷಕ್ಕೊಮ್ಮೆ ಅಲ್ವಾ, ಅದಕ್ಕೂ ಈಗಿನಿಂದಲೇ ಒಂದು ಪಾಲು!

ಕಂತು ತಪ್ಪಿದರೆ ನೂರಕ್ಕೆ ತಿಂಗಳಿಗೆ 1 ರೂಪಾಯಿ ದಂಡ. ದೊಡ್ಡ ಮೊತ್ತವಲ್ಲ, ಆದರೆ ತಡ ಮಾಡಿದರೆ ಬೆಲೆ ತೆರಬೇಕು ಅನ್ನುವುದು ಗೊತ್ತಾಗುತ್ತದೆ.

ಸಾಲದ ಪಾಠಕ್ಕೆ ನನ್ನ ಹೆಸರಿನ ಆರ್‌ಡಿ ಪಾಸ್‌ಬುಕ್ಕನ್ನೇ ಮುಂದಿಟ್ಟುಕೊಂಡೆವು. 12 ಕಂತು ಕಟ್ಟಿ ಒಂದು ವರ್ಷವಾದ ಮೇಲೆ ಖಾತೆಯಲ್ಲಿರುವುದರ ಅರ್ಧದವರೆಗೆ ಸಾಲ ಸಿಗುತ್ತದೆ. ಬಡ್ಡಿ ಆರ್‌ಡಿ ದರಕ್ಕಿಂತ 2% ಜಾಸ್ತಿ, ಅಂದರೆ ನಮಗೆ 8.7%. 3,000 ರೂಪಾಯಿಗೆ ವರ್ಷಕ್ಕೆ 261 ಬಡ್ಡಿ ಅಂತ ಅವಳೇ ಗುಣಿಸಿದಳು. ಆಮೇಲೆ ಮೊಬೈಲ್ ಆ್ಯಪ್‌ನಲ್ಲಿ ಸಿಗುವ ಸಾಲದ ಲೆಕ್ಕ ಕೊಟ್ಟೆ. 5,000 ಸಾಲ ಅಂತ ಹೇಳಿ, ಮೊದಲೇ 1,500 ಹಿಡಿದು, 3,500 ಕೈಗಿಟ್ಟು, ವಾರದಲ್ಲಿ ಪೂರ್ತಿ ವಾಪಸ್ ಕೇಳಿದರೆ? ಅವಳು ಕ್ಯಾಲ್ಕುಲೇಟರ್ ಎರಡು ಸಲ ಒತ್ತಿ ನೋಡಿದಳು. ಒಂದೇ ವಾರಕ್ಕೆ ನೂರಕ್ಕೆ 42ಕ್ಕೂ ಹೆಚ್ಚು. ವರ್ಷದ ಒಟ್ಟು ದರವನ್ನು ಸಾಲ ಕೊಡುವ ಮೊದಲೇ ಬರೆದು ತೋರಿಸಬೇಕು, ಆ್ಯಪ್ ನಮ್ಮ ಫೋನಿನ ನಂಬರ್ ಪಟ್ಟಿಗೆ ಕೈ ಹಾಕಬಾರದು ಅಂತ ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ. ಕಾಂಟ್ಯಾಕ್ಟ್ಸ್ ಕೇಳುವ ಸಾಲದ ಆ್ಯಪ್ ಕಂಡರೆ ಅಲ್ಲೇ ಬಿಡು ಅಂದಿದ್ದೇನೆ. ಈ ಮಾತು ಪ್ರತಿ ಹೈಸ್ಕೂಲು ಮಗುವಿನ ಕಿವಿಗೂ ಬೀಳಬೇಕು.

ಹಿಡಿಸದ್ದೂ ಒಂದಿದೆ. ಮೂರು ವರ್ಷದ ಮೊದಲು ಖಾತೆ ಮುಚ್ಚುವ ಹಾಗಿಲ್ಲ. ಆಮೇಲೆ ಮುಚ್ಚಿದರೂ, ಐದು ವರ್ಷಕ್ಕೆ ಒಂದೇ ದಿನ ಬಾಕಿ ಇದ್ದರೂ ಸಿಗುವುದು ಉಳಿತಾಯ ಖಾತೆಯ 4% ಮಾತ್ರ. ಪಿಯುಸಿ ಫೀಸಿಗೆ ಬೇಕಾಗುವ ದುಡ್ಡನ್ನು ಇದರಲ್ಲಿ ಹಾಕಬೇಡಿ. ಅದಕ್ಕೆ ಅಂಚೆ ಉಳಿತಾಯ ಖಾತೆಯೇ ಸಾಕು, 500 ರೂಪಾಯಿ ಇದ್ದರೆ ತೆರೆಯಬಹುದು. ಮಕ್ಕಳಿಗೆ 18 ತುಂಬಿದಾಗ ಹೊಸದಾಗಿ ಅರ್ಜಿ, ಕೆವೈಸಿ ಕೊಡಬೇಕಾಗುತ್ತದೆ, ನೆನಪಿರಲಿ.