ಸೇಂಟ್ ಮಾರ್ಟನ್‌ನಲ್ಲಿ ಹಡಗು ನಿಂತ ದಿನ: ಮಾಹೋ, ಗ್ರೇಟ್ ಬೇ, ಓರಿಯೆಂಟ್ ಬೇ

ಇಳಿಯುವ ಮೊದಲು ಗಡಿಯಾರ ನೋಡಿಕೊಳ್ಳಿ. ಸೇಂಟ್ ಮಾರ್ಟನ್ ಕೆರಿಬಿಯನ್ನಿನ ಪುಟ್ಟ ದ್ವೀಪ, ದಕ್ಷಿಣದ ಬದಿ ಡಚ್, ಉತ್ತರದ ಬದಿ ಫ್ರೆಂಚ್. ಅದು ವರ್ಷವಿಡೀ ಅಟ್ಲಾಂಟಿಕ್ ಸಮಯದಲ್ಲಿರುತ್ತದೆ. ಚಳಿಗಾಲದಲ್ಲಿ ಫ್ಲೋರಿಡಾದಿಂದ ಹೊರಟ ಹಡಗು ತನ್ನ ಗಡಿಯಾರ ತಿರುಗಿಸದಿದ್ದರೆ ದ್ವೀಪ ಒಂದು ಗಂಟೆ ಮುಂದೆ. ಹಡಗು ಹತ್ತಬೇಕಾದ್ದು ಹಡಗಿನ ಸಮಯಕ್ಕೆ, ವಿಮಾನ ಇಳಿಯುವುದು ದ್ವೀಪದ ಸಮಯಕ್ಕೆ. ಈ ಗೊಂದಲದಲ್ಲಿ ಹಡಗು ತಪ್ಪುವುದಿಲ್ಲ, ಮಾಹೋ ಬೀಚಿನಲ್ಲಿ ನೋಡಬೇಕೆಂದಿದ್ದ ವಿಮಾನ ತಪ್ಪುತ್ತದೆ.

ಈ ಮೂರು ಬೀಚುಗಳಲ್ಲಿ ಬೇರೆಲ್ಲೂ ಸಿಗದ್ದು ಮಾಹೋ ಒಂದೇ. ಪ್ರಿನ್ಸೆಸ್ ಜೂಲಿಯಾನಾ ವಿಮಾನ ನಿಲ್ದಾಣದ ರನ್‌ವೇ ಬರೀ 2,300 ಮೀಟರ್. ಅದರ ತುದಿಗೆ ಬೇಲಿ, ಬೇಲಿಯಾಚೆ ರಸ್ತೆ, ರಸ್ತೆಯಾಚೆ ಮರಳು. ಗಾಳಿ ಹೆಚ್ಚಾಗಿ ಪೂರ್ವದಿಂದ ಬೀಸುವುದರಿಂದ ವಿಮಾನಗಳು ಸಮುದ್ರದ ಕಡೆಯಿಂದ ತಲೆಯ ಮೇಲೆ ಹಾದು ಇಳಿಯುತ್ತವೆ. ಏರುವಾಗಲೂ ಪೂರ್ವಕ್ಕೇ ಮುಖ, ಅಂದರೆ ಎಂಜಿನ್ನಿನ ಹಿಂಭಾಗ ನೇರ ಬೀಚಿನತ್ತ. ಇಳಿಯುವುದನ್ನು ನೋಡುವುದು ಮಜಾ, ಏರುವಾಗ ಬೇಲಿ ಹಿಡಿದು ನಿಲ್ಲುವುದು ಹುಚ್ಚು. 2017ರ ಜುಲೈನಲ್ಲಿ ಆ ಗಾಳಿಯ ಹೊಡೆತಕ್ಕೆ ಸಿಕ್ಕು ಪ್ರವಾಸಿ ಮಹಿಳೆಯೊಬ್ಬರು ತೀರಿಕೊಂಡರು. ಪಕ್ಕಕ್ಕೆ ಸರಿದು ನಿಂತರೂ ಮರಳು ಚುಚ್ಚುತ್ತದೆ. ಕ್ಯಾಮೆರಾದ ಲೆನ್ಸ್ ಬದಲಿಸುವ ಕೆಲಸ ಹಡಗಿನಲ್ಲೇ ಮುಗಿಸಿರಿ.

ದೊಡ್ಡ ವಿಮಾನಗಳ ಹೊತ್ತು ಸಾಮಾನ್ಯವಾಗಿ ಮಧ್ಯಾಹ್ನ. ಅಂದಿನ ಪಟ್ಟಿಯನ್ನು ಹಿಂದಿನ ರಾತ್ರಿಯೇ ನೋಡಿಡಿ. ಬೀಚಿನ ಬಾರ್‌ನಲ್ಲೂ ಸರ್ಫ್ ಹಲಗೆಯ ಮೇಲೆ ಬರೆದಿರುತ್ತಾರೆ. ಹಳೆಯ ಫೋಟೋಗಳಲ್ಲಿರುವ, ಡಚ್ ಕಂಪನಿ ಕೆಎಲ್ಎಂನ ದೈತ್ಯ 747 ವಿಮಾನಕ್ಕೆ ಕಾಯಬೇಡಿ, ಅದು 2016ರಲ್ಲೇ ನಿಂತಿತು. ಈಜಲು ಮಾಹೋ ಅಷ್ಟಕ್ಕಷ್ಟೆ: ದಡ ಕಡಿದಾಗಿದೆ, ಅಲೆ ಜೋರು. ವಿಮಾನ ನೋಡಿದ ಮೇಲೆ ಕಾಲು ಗಂಟೆ ನಡೆದರೆ ಮುಲ್ಲೆಟ್ ಬೇ. ನೀರಿಗಿಳಿಯಲು ಅದೇ ವಾಸಿ.

ತೊಂದರೆ ಇರುವುದು ದಾರಿಯಲ್ಲಿ. ಬಂದರಿನಿಂದ ಮಾಹೋಗೆ ರಸ್ತೆ ಖಾಲಿಯಿದ್ದರೆ ಅರ್ಧ ಗಂಟೆ. ಸಿಂಪ್ಸನ್ ಬೇಯ ಸೇತುವೆ ದೋಣಿಗಳಿಗಾಗಿ ಎದ್ದಾಗ ವಾಹನ ಸಾಲುಗಟ್ಟುತ್ತವೆ, ಒಂದು ಗಂಟೆಯೂ ಆದೀತು. ಟ್ಯಾಕ್ಸಿಗೆ ಮೀಟರ್ ಇಲ್ಲ, ಸರ್ಕಾರ ಗೊತ್ತುಮಾಡಿದ ದರ. ಇಬ್ಬರಿಗೆ ಒಂದು ಮೊತ್ತ, ಮೂರನೆಯವರಿಂದ ತಲೆಗಿಷ್ಟು. ಹತ್ತುವ ಮುನ್ನವೇ ಒಟ್ಟು ಎಷ್ಟೆಂದು ಕೇಳಿ. ಮಿನಿಬಸ್ ತೀರಾ ಅಗ್ಗ, ಆದರೆ ಅದನ್ನು ಹತ್ತಲು ಮೊದಲು ಫಿಲಿಪ್ಸ್‌ಬರ್ಗ್ ಪೇಟೆಗೆ ಹೋಗಬೇಕು. ಮುಂದಿನ ಗಾಜಿನ ಮೇಲೆ ಊರಿನ ಹೆಸರಿರುತ್ತದೆ.

ಪೇಟೆಯ ಬೀಚಾದ ಗ್ರೇಟ್ ಬೇಗೆ ಈ ಯಾವ ತಲೆನೋವೂ ಇಲ್ಲ. ಬಂದರಿನಿಂದ ಇಪ್ಪತ್ತು ನಿಮಿಷದ ನಡಿಗೆ, ಇಲ್ಲವೇ ವಾಟರ್ ಟ್ಯಾಕ್ಸಿ. ಎರಡು ಕುರ್ಚಿ, ಒಂದು ಕೊಡೆ, ಒಂದು ಬಕೆಟ್ ಪಾನೀಯ ಸೇರಿಸಿ ಒಂದೇ ದರ ಹೇಳುತ್ತಾರೆ. ಹಡಗುಗಳಿಂದ ದೂರ ನಡೆದಷ್ಟೂ ದರ ಇಳಿಯುತ್ತದೆ. ನೀರು ಶಾಂತ, ಮಕ್ಕಳಿಗೆ, ವಯಸ್ಸಾದವರಿಗೆ ಸರಿ. ಬೀಚಿನ ಹಿಂಬದಿಯ ಫ್ರಂಟ್ ಸ್ಟ್ರೀಟ್‌ನಲ್ಲಿ 1793ರ ಕೋರ್ಟ್ ಕಟ್ಟಡವಿದೆ, ಒಡವೆ ಅಂಗಡಿಗಳಿವೆ. ಅಂಗಡಿಯವರಲ್ಲಿ ಸಿಂಧಿಗಳು ಬಹಳ, ಚೌಕಾಸಿ ಹಿಂದಿಯಲ್ಲೇ ನಡೆಯುತ್ತದೆ. ಆದರೆ ನಾಲ್ಕೈದು ಹಡಗು ಒಟ್ಟಿಗೆ ನಿಂತ ದಿನ ಇದು ಜಾತ್ರೆ.

ಓರಿಯೆಂಟ್ ಬೇ ಫ್ರೆಂಚ್ ಬದಿಯದು. ಗಡಿಯಲ್ಲಿ ತಪಾಸಣೆಯಿಲ್ಲ, ಆದರೂ ಎರಡು ಬದಿಯ ವೀಸಾ ನಿಯಮ ಬೇರೆ ಬೇರೆ. ಭಾರತೀಯ ಪಾಸ್‌ಪೋರ್ಟ್ ಇರುವವರು ಹೊರಡುವ ಮೊದಲೇ ಹಡಗು ಕಂಪನಿಯನ್ನು ಕೇಳಿಕೊಳ್ಳಬೇಕು. ಸುಮಾರು ಎರಡು ಕಿಲೋಮೀಟರ್ ಬಿಳಿ ಮರಳು, ಊಟ ಮೂರರಲ್ಲಿ ಇಲ್ಲಿಯದೇ ರುಚಿ, ಬಿಲ್ ಯೂರೋದಲ್ಲಿ. ಪೂರ್ವಕ್ಕೆ ತೆರೆದ ದಡವಾದ್ದರಿಂದ ಗಾಳಿ ಹೆಚ್ಚು, ಬೇಸಿಗೆ ತಿಂಗಳುಗಳಲ್ಲಿ ಸರ್ಗಾಸಮ್ ಪಾಚಿ ರಾಶಿಯಾಗಿ ಬಂದು ಬಿದ್ದು ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತದೆ. ಹಿಂದಿನ ದಿನದ ಫೋಟೋ ಹುಡುಕಿ ನೋಡಿ ತೀರ್ಮಾನಿಸಿ. ದಕ್ಷಿಣದ ತುದಿಯಲ್ಲಿ ಬಟ್ಟೆಯಿಲ್ಲದೆ ಅಡ್ಡಾಡುವವರಿರುತ್ತಾರೆ. ಮನೆಮಂದಿಯೊಡನೆ ಹೋದವರು ಉತ್ತರಕ್ಕೇ ಉಳಿಯುವುದು ಒಳಿತು.

ಎಂಟು ಗಂಟೆಗಿಂತ ಕಡಿಮೆ ನಿಲ್ಲುವ ಹಡಗಿಗೆ ಓರಿಯೆಂಟ್ ಬೇಡ. ಮಾಹೋಗೆ ಹೋಗುವುದಾದರೆ ಬೆಳಿಗ್ಗೆ ಮುಲ್ಲೆಟ್‌ನಲ್ಲಿ ಈಜಿ, ಮಧ್ಯಾಹ್ನ ವಿಮಾನ ನೋಡಿ, ಹಡಗು ಹತ್ತುವ ಕೊನೆಯ ಸಮಯಕ್ಕೆ ಎರಡು ಗಂಟೆ ಮೊದಲು ಟ್ಯಾಕ್ಸಿ ಹತ್ತಿ. ಹಡಗಿನವರೇ ಮಾರುವ ಪ್ರವಾಸದ ಬಸ್ಸು ತಡವಾದರೆ ಹಡಗು ಕಾಯುತ್ತದೆ. ಸ್ವಂತವಾಗಿ ಹೋದವರು ಸೇತುವೆಯಲ್ಲಿ ಸಿಕ್ಕಿಕೊಂಡರೆ ಕಾಯುವುದಿಲ್ಲ.